ಹಾರುವಾಗ ಸಿಗದ ನೀಲಿ

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಹೋದದ್ದು ಜೂನ್‌ನಲ್ಲಿ. ಎಲ್ಲರೂ ಡೈನೋಸಾರ್ ಕಡೆ ಓಡುತ್ತಿದ್ದರು, ನಾನು ಮಾತ್ರ ಹೊರಗಿನ ಹುಲ್ಲುಹಾಸಿನ ಮೇಲಿದ್ದ ಚಿಟ್ಟೆಮನೆಗೆ ನಡೆದೆ. ಮ್ಯೂಸಿಯಂ ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ, ಇದಕ್ಕೆ ಮಾತ್ರ ಆಗ ಬೇರೆ ಟಿಕೆಟ್ ಇತ್ತು.

ಬಾಗಿಲು ದಾಟಿದ ಕೂಡಲೇ ಕನ್ನಡಕ ಮಂಜಾಯಿತು. ಅಷ್ಟು ಸೆಕೆ! ಬಿಸಿ ನಾಡಿನ ಚಿಟ್ಟೆಗಳಿಗೆ ಅದು ಬೇಕೇ ಬೇಕು, ಮೈ ಬೆಚ್ಚಗಾಗದೆ ಅವು ಹಾರಲಾರವು. ಹಣ್ಣಿನ ತಟ್ಟೆಯ ಮೇಲೆ ದೊಡ್ಡದೊಂದು ಕಂದು ಚಿಟ್ಟೆ ಸೊಂಡಿಲು ಚಾಚಿ ರಸ ಹೀರುತ್ತಿತ್ತು. ಏನೂ ವಿಶೇಷ ಅನಿಸಲಿಲ್ಲ. ಎದ್ದು ಹಾರಿತು ನೋಡಿ, ಕಣ್ಣು ಕುಕ್ಕುವ ನೀಲಿ! ಮಾರ್ಫೋ ಅದು. ರೆಕ್ಕೆಯ ಅಡಿಭಾಗ ಕಂದು, ಮೇಲ್ಭಾಗ ನೀಲಿ, ಹಾಗಾಗಿ ಹಾರುವಾಗ ಆ ನೀಲಿ ಹೊಳೆಯುತ್ತದೆ, ಆರುತ್ತದೆ, ಮತ್ತೆ ಹೊಳೆಯುತ್ತದೆ. ಫೋಟೋಗಾಗಿ ಅರ್ಧ ಗಂಟೆ ಹಿಂದೆ ಬಿದ್ದೆ. ಕೂತರೆ ರೆಕ್ಕೆ ಮುಚ್ಚಿಬಿಡುತ್ತದೆ, ಹಾರಿದರೆ ಕ್ಯಾಮೆರಾಗೆ ಸಿಗುವುದಿಲ್ಲ.

ಅಲ್ಲಿ ನನ್ನನ್ನು ಜಾಸ್ತಿ ಹೊತ್ತು ನಿಲ್ಲಿಸಿದ್ದು ಗಾಜಿನ ಹಿಂದೆ ಸಾಲಾಗಿ ತೂಗುಹಾಕಿದ್ದ ಕೋಶಗಳು. ಕೆಲವು ಥೇಟ್ ಒಣಗಿದ ಎಲೆ. ಒಂದು ಕೋಶ ಬಿರಿದು ಚಿಟ್ಟೆ ಹೊರಬಂತು, ರೆಕ್ಕೆ ಇನ್ನೂ ಒದ್ದೆ, ಮುದುಡಿಕೊಂಡಿತ್ತು. ಮೈಯೊಳಗಿನ ದ್ರವವನ್ನು ರೆಕ್ಕೆಯ ನರಗಳಿಗೆ ತಳ್ಳುತ್ತಾ ತಳ್ಳುತ್ತಾ ಅದು ರೆಕ್ಕೆಯನ್ನು ಪೂರ್ತಿ ಹರಡಿಕೊಳ್ಳುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಕೆಳಗೆ ಬಿದ್ದಿದ್ದ ಕೆಂಪು ಹನಿ ರಕ್ತವಲ್ಲ, ಕೋಶದಲ್ಲಿದ್ದಷ್ಟು ದಿನ ಕೂಡಿಟ್ಟುಕೊಂಡಿದ್ದ ಕಸ. ಹೊರಡುವಾಗ ಬೆನ್ನು, ಚೀಲ ಎಲ್ಲಾ ನೋಡಿಕೊಳ್ಳಬೇಕಿತ್ತು, ಚಿಟ್ಟೆ ಕೂತಿರಬಹುದು ಅಲ್ವಾ.

ಆಮೇಲೆ ಒಳಗೆ. ಡಾರ್ವಿನ್ ಸೆಂಟರ್‌ನಲ್ಲಿ ಎಂಟು ಮಹಡಿ ಎತ್ತರದ, ರೇಷ್ಮೆಗೂಡಿನ ಆಕಾರದ ಕಟ್ಟಡವೊಂದಿದೆ, 2009ರಲ್ಲಿ ತೆರೆದದ್ದು. ಗುಂಡುಸೂಜಿ ಚುಚ್ಚಿಟ್ಟ ಮಾರ್ಫೋ ಮುಂದೆ ನಿಂತಾಗಲೇ ಆ ನೀಲಿಯನ್ನು ಸಮಾಧಾನವಾಗಿ ನೋಡಿದ್ದು. ಇದು ಬಣ್ಣದ ಪುಡಿಯಿಂದ ಬಂದದ್ದಲ್ಲ. ರೆಕ್ಕೆಯ ಪುಟ್ಟ ಹುರುಪೆಗಳ ಮೇಲಿನ ಸಣ್ಣ ಸಣ್ಣ ಏಣುಗಳು ನೀಲಿ ಬೆಳಕನ್ನೇ ಹಿಂದಕ್ಕೆ ಕಳಿಸುತ್ತವೆ, ಅದಕ್ಕೇ ನೂರು ವರ್ಷವಾದರೂ ಮಾಸುವುದಿಲ್ಲ. ಬೇರೆ ಎಷ್ಟೋ ಚಿಟ್ಟೆಗಳ ಬಣ್ಣ ಬೆಳಕಿಗೆ ಮಂಕಾಗುತ್ತದೆ. ಹಾಗಾಗಿ ಹಳೆಯ ಸಂಗ್ರಹದ ಬಹುಪಾಲು ಕತ್ತಲೆಯ ಡ್ರಾಯರ್‌ಗಳಲ್ಲೇ ಇರುತ್ತದೆ.

ರಾಣಿ ಅಲೆಕ್ಸಾಂಡ್ರಾ ಹೆಸರಿನ, ಜಗತ್ತಿನ ಅತಿ ದೊಡ್ಡ ಚಿಟ್ಟೆಯ ಮೊದಲ ಮಾದರಿ ಈ ಮ್ಯೂಸಿಯಂನದೇ. ಜೀವಿಗಳ ಮಾದರಿ ಕೂಡಿಡುತ್ತಿದ್ದ ವಾಲ್ಟರ್ ರಾತ್‌ಶೀಲ್ಡ್‌ಗಾಗಿ ಆಲ್ಬರ್ಟ್ ಮೀಕ್ 1906ರಲ್ಲಿ ನ್ಯೂಗಿನಿಯಲ್ಲಿ ಅದನ್ನು ಬಂದೂಕಿನಿಂದ ಹೊಡೆದು ಕೆಡವಿದ್ದ. ಚಿಟ್ಟೆಗೆ ಬಂದೂಕು! ಓದಿದಾಗ ಹೊಟ್ಟೆ ಕಿವುಚಿತು.

ಆದರೂ ಸೂಜಿಯ ಕೆಳಗಿನ ಚೀಟಿ ನೋಡಿದ ಮೇಲೆ ನನ್ನ ಮನಸ್ಸು ಬದಲಾಯಿತು. ಎಲ್ಲಿ, ಯಾವ ದಿನ ಸಿಕ್ಕಿತು ಎಂದು ಇಷ್ಟಿಷ್ಟೇ ಅಕ್ಷರದಲ್ಲಿ ಬರೆದಿರುತ್ತದೆ. ಬ್ರಿಟನ್ನಿನ ಚಿಟ್ಟೆಗಳ ಇಂಥ ಚೀಟಿಗಳ ತಾರೀಕು ಹೋಲಿಸಿಯೇ, ವಸಂತ ಬೆಚ್ಚಗಿದ್ದ ವರ್ಷಗಳಲ್ಲಿ ಅವು ಬೇಗ ಹೊರಬಂದದ್ದನ್ನು ವಿಜ್ಞಾನಿಗಳು ಕಂಡುಕೊಂಡರು. ಲಾರ್ಜ್ ಬ್ಲೂ ಎಂಬ ಚಿಟ್ಟೆ 1979ರಲ್ಲಿ ಆ ದೇಶದಿಂದಲೇ ಅಳಿಯಿತು, ಆಮೇಲೆ ಸ್ವೀಡನ್ನಿನಿಂದ ತಂದು ಬಿಟ್ಟರು. ಅದು ಹಿಂದೆ ಎಲ್ಲೆಲ್ಲಿ ಹಾರುತ್ತಿತ್ತು ಎಂದು ಈ ಚೀಟಿಗಳು ಹೇಳುತ್ತವೆ.

ಆ ಚಿಟ್ಟೆಮನೆ ಈಗ ಅಲ್ಲಿಲ್ಲ. ಬೇರೆಲ್ಲಾದರೂ ಚಿಟ್ಟೆಮನೆ ಸಿಕ್ಕರೆ ಮೊದಲು ಅಲ್ಲಿಗೆ ಹೋಗಿ. ಹಾರುವ ಮಾರ್ಫೋ ಹಿಂದೆ ಓಡಿ ಸುಸ್ತಾದ ಮೇಲೆ ಗಾಜಿನೊಳಗಿನದರ ಹತ್ತಿರ ಬನ್ನಿ.