‘ಅಕ್ಷರ ಮಸುಕು’ ಎಂದು ಬಂದ ಫೋನಿನ ಡಿಸ್‌ಪ್ಲೇ ಬಿಚ್ಚುವ ಮುನ್ನ

ಮಡಿಕೇರಿಯಲ್ಲಿ ಮೊಬೈಲ್ ರಿಪೇರಿಗೆ ಕೂತವರಿಗೆ ಈ ದೂರು ಹೊಸದಲ್ಲ: ‘ಅಕ್ಷರ ಮಸುಕಾಗಿ ಕಾಣ್ತದೆ, ಡಿಸ್‌ಪ್ಲೇ ಬದಲಿಸಿ.’ ಕಾಂಬೋ, ಅಂದರೆ ಗಾಜು, ಟಚ್, ಡಿಸ್‌ಪ್ಲೇ ಒಟ್ಟಿಗೇ ಬರುವ ಬಿಡಿಭಾಗ, ತರಿಸುವ ಮೊದಲು ಮಸುಕು ಎಲ್ಲಿಂದ ಬಂತು ಎಂದು ಹುಡುಕಿ.

ಸೆಟ್ಟಿಂಗ್ಸ್ ತೆರೆದು ಅಲ್ಲಿನ ಅಕ್ಷರ ನೋಡಿ. ಅದು ಚೂಪಾಗಿದ್ದು, ವಾಟ್ಸಾಪ್‌ನಲ್ಲಿ ಬಂದ ಪಹಣಿಯ ಫೋಟೋ ಮಾತ್ರ ಮಸುಕಾಗಿದ್ದರೆ ಸ್ಕ್ರೀನಿನ ತಪ್ಪಿಲ್ಲ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಲು ಹೇಳಿ. ವಿಡಿಯೋ ಮಾತ್ರ ಮಸುಕಾದರೆ ನೆಟ್‌ವರ್ಕ್ ನೋಡಿ. ಮಳೆಗಾಲದಲ್ಲಿ ಭಾಗಮಂಡಲ, ನಾಪೋಕ್ಲು ಕಡೆ ಸಿಗ್ನಲ್ ಸೊರಗಿದಾಗ ಯೂಟ್ಯೂಬ್ ತಾನೇ ವಿಡಿಯೋದ ಗುಣಮಟ್ಟವನ್ನು 360ಕ್ಕೋ 240ಕ್ಕೋ ಇಳಿಸುತ್ತದೆ. ಆಮೇಲೆ ಪರದೆಯ ಮೇಲೆ ಅಂಟಿಸಿದ ಗಾರ್ಡ್. ಮ್ಯಾಟ್ ಗಾರ್ಡ್ ಬೆಳಕನ್ನು ಚದುರಿಸುವುದರಿಂದ ಬಿಳಿ ಪರದೆಯ ಮೇಲೆ ಮರಳು ಎರಚಿದಂತೆ ಕಾಣುತ್ತದೆ. ಅದನ್ನು ಕಿತ್ತು, ಒರೆಸಿ, ಮತ್ತೆ ನೋಡಿ.

ಇಷ್ಟಾದರೂ ಮಸುಕು ಹೋಗದಿದ್ದರೆ ಪಿಕ್ಸೆಲ್, ಅಂದರೆ ಚಿತ್ರ ಕಟ್ಟುವ ಅತಿ ಸಣ್ಣ ಬಿಂದುಗಳ ಲೆಕ್ಕಕ್ಕೆ ಬನ್ನಿ. ಅಗಲದ ಪಿಕ್ಸೆಲ್ ಸಂಖ್ಯೆಯ ವರ್ಗಕ್ಕೆ ಎತ್ತರದ ಪಿಕ್ಸೆಲ್ ಸಂಖ್ಯೆಯ ವರ್ಗ ಕೂಡಿಸಿ ವರ್ಗಮೂಲ ತೆಗೆದು, ಪರದೆಯ ಕರ್ಣದ ಇಂಚಿನಿಂದ ಭಾಗಿಸಿದರೆ ಪಿಪಿಐ, ಅಂದರೆ ಒಂದು ಇಂಚಿನಲ್ಲಿರುವ ಪಿಕ್ಸೆಲ್ಲುಗಳ ಸಂಖ್ಯೆ. 6.5 ಇಂಚಿನ 720×1600 ಪರದೆಗೆ 270. ಅದೇ ಅಳತೆಯ 1080×2400 ಪರದೆಗೆ 405.

ಈ ಸಂಖ್ಯೆಯನ್ನು ಕಣ್ಣಿನ ದೂರದ ಜೊತೆಗೇ ಓದಬೇಕು. ಆರೋಗ್ಯವಂತ ಕಣ್ಣು ಸುಮಾರು ಒಂದು ಡಿಗ್ರಿ ಕೋನದ 60ನೇ ಒಂದು ಭಾಗದಷ್ಟು ಅಂತರವನ್ನು ಬೇರೆಯಾಗಿ ಗುರುತಿಸುತ್ತದೆ. ಹಾಗಾಗಿ 25 ಸೆಂಟಿಮೀಟರಿನಿಂದ ನೋಡಿದರೆ 350ರ ಹತ್ತಿರ ಪಿಪಿಐ ಬೇಕು, 30ರಿಂದ 290, 40ರಿಂದ 220 ಸಾಕು. ಚಾಳೀಸು ಬಂದು ಫೋನನ್ನು ದೂರ ಹಿಡಿದು ಓದುವ ಹಿರಿಯರಿಗೆ 270 ಧಾರಾಳ. ಅವರಿಗೆ ಬೇಕಾದದ್ದು ದೊಡ್ಡ ಅಕ್ಷರ: ಸೆಟ್ಟಿಂಗ್ಸ್‌ನಲ್ಲಿ ಫಾಂಟ್ ಸೈಜ್ ಎರಡು ಹಂತ ಏರಿಸಿ ಕೊಡಿ. ಅವರಿಗೆ ದುಬಾರಿ ಫೋನ್ ಕೊಳ್ಳಿ ಎನ್ನುವುದು ಅನ್ಯಾಯ.

ಕನ್ನಡ ಓದುವವರಿಗೆ ಇನ್ನೊಂದು ಮಾತು. ‘ದ’ ಮತ್ತು ‘ಧ’ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಒತ್ತಕ್ಷರವಂತೂ ಮೂಲ ಅಕ್ಷರಕ್ಕಿಂತ ಚಿಕ್ಕದು. ಕಡಿಮೆ ಪಿಪಿಐಯಲ್ಲಿ ಅಕ್ಷರ ಚಿಕ್ಕದಾದಂತೆ ಆ ಸೀಳಿಗೆ ಒಂದೆರಡು ಪಿಕ್ಸೆಲ್ ಮಾತ್ರ ಉಳಿದು, ಅಂಚಿನ ಬೂದುಬಣ್ಣದಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಪರದೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಪರೀಕ್ಷಿಸಬೇಡಿ. ‘ಅರ್ಧ’, ‘ಸ್ತ್ರೀ’, ‘ವಿದ್ಯಾರ್ಥಿ’ ಎಂದು ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿ ನೋಡಿ.

ಪರದೆಯಲ್ಲಿ ಎರಡು ಬಗೆ: ಹಿಂದಿನಿಂದ ಬೆಳಕು ಬೀಳುವ ಎಲ್‌ಸಿಡಿ, ಚುಕ್ಕೆಗಳು ತಾವೇ ಬೆಳಗುವ ಓಎಲ್‌ಇಡಿ. ಎಲ್‌ಸಿಡಿಯ ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಚುಕ್ಕೆಗಳಿರುತ್ತವೆ. ಫೋನಿನ ಬಹುಪಾಲು ಓಎಲ್‌ಇಡಿಗಳಲ್ಲಿ ಪಿಕ್ಸೆಲ್‌ಗೊಂದು ಹಸಿರು ಇದ್ದರೂ ಕೆಂಪು, ನೀಲಿ ಅದರ ಅರ್ಧದಷ್ಟೇ. ಹಾಗಾಗಿ ಒಂದೇ ಪಿಪಿಐ ಇದ್ದರೂ ಬಣ್ಣದ ಅಕ್ಷರದ ಅಂಚು ಓಎಲ್‌ಇಡಿಯಲ್ಲಿ ತುಸು ಒರಟು. 400 ದಾಟಿದ ಮೇಲೆ ಇದು ಬರಿಗಣ್ಣಿಗೆ ಕಾಣುವುದು ಕಷ್ಟ. ಮಳೆಯಲ್ಲಿ ಪರದೆಯ ಮೇಲೆ ಬಿದ್ದ ಹನಿಯೊಳಗೆ ಕೆಂಪು, ಹಸಿರು, ನೀಲಿ ಕಿಡಿ ಕಂಡಿದ್ದೀರಲ್ಲ, ಅವು ಈ ಚುಕ್ಕೆಗಳೇ. ಹನಿ ಭೂತಗನ್ನಡಿಯ ಕೆಲಸ ಮಾಡುತ್ತದೆ.

ಈಗ ಬಹಳ ಮೋಸವಾಗುವ ಜಾಗ: ಹಿಂದೆ ಎಲ್ಲೋ ಬದಲಿಸಿದ ಕಾಂಬೋ. 1080ರ ಓಎಲ್‌ಇಡಿ ಇದ್ದ ಫೋನಿಗೆ 720ರ ಅಗ್ಗದ ಎಲ್‌ಸಿಡಿ ಕಾಪಿ ಕೂರಿಸಿರುತ್ತಾರೆ. ಸ್ಕ್ರೀನ್‌ಶಾಟ್ ನೋಡಿ ಇದನ್ನು ಪತ್ತೆ ಮಾಡಲಾಗದು, ಯಾಕೆಂದರೆ ಫೋನು ಇನ್ನೂ 1080ರಲ್ಲೇ ಚಿತ್ರ ಕಟ್ಟುತ್ತಿರುತ್ತದೆ, ಕುಗ್ಗುವುದು ಪ್ಯಾನೆಲ್ಲಿನಲ್ಲಿ. ಬಿಳಿ ಪರದೆ ತೆರೆದು, ಸ್ಟೀಲ್ ಸ್ಕೇಲನ್ನು ಅಡ್ಡಲಾಗಿ ಇಟ್ಟು, ಬೋರ್ಡ್ ಕೆಲಸದ ಮೈಕ್ರೋಸ್ಕೋಪಿನಲ್ಲಿ 2 ಮಿಲಿಮೀಟರಿನೊಳಗಿನ ಹಸಿರು ಚುಕ್ಕೆಗಳನ್ನಷ್ಟೇ ಎಣಿಸಿ. 6.5 ಇಂಚಿನ ಫೋನಿನಲ್ಲಿ 32ರ ಹತ್ತಿರ ಬಂದರೆ 1080, 21 ಬಂದರೆ 720. ಕತ್ತಲಲ್ಲಿ ಕಪ್ಪು ಚಿತ್ರ ಬೂದಾಗಿ ಹೊಳೆದರೆ, ಪರದೆಯೊಳಗಿನ ಬೆರಳಚ್ಚು ಕೆಲಸ ಮಾಡದಿದ್ದರೆ, ಎಲ್‌ಸಿಡಿ ಕಾಪಿ ಎಂಬ ಅನುಮಾನ ಇನ್ನೂ ಗಟ್ಟಿ.

ನೀವೇ ಕಾಪಿ ಹಾಕುವುದಾದರೆ ಇದನ್ನೆಲ್ಲ ಗಿರಾಕಿಗೆ ಮೊದಲೇ ಹೇಳಿ. ಪ್ಯಾನೆಲ್ ಯಾವ ಬಗೆಯದು, 720ರದೋ 1080ರದೋ ಎಂದು ಬಿಲ್ಲಿನಲ್ಲೇ ಬರೆದುಕೊಡಿ.