ಮೂರು ಗೆಳತಿಯರು, ಸಾವಿರ ಸೊನ್ನೆ ಟಿಕೆಟ್ಟು: ಕಾದಂಬರಿ ಎಲ್ಲಿಗೆ ಬಂತು?

ಮಾರ್ಚ್ 9, 2025

ಶುರು ಮಾಡಿ ಐದು ತಿಂಗಳಾಯಿತು. ಬರೆದದ್ದು ನಾಲ್ಕು ಅಧ್ಯಾಯ, ಹರಿದು ಎಸೆದದ್ದು ಆರು. ಲೆಕ್ಕ ಹಾಕಿದರೆ ಇನ್ನೂ ಎರಡು ಅಧ್ಯಾಯ ಸಾಲದಲ್ಲಿದ್ದೇನೆ.

ಕತೆ ಗೊತ್ತಿಲ್ಲದವರಿಗೆ ಎರಡೇ ಮಾತು. ಸಾವಿತ್ರಿ, ಗಿರಿಜ, ಮೇರಿ ಮೂವರೂ ಸಾಗರದವರು. 1976ರ ಎಸ್ಸೆಸ್ಸೆಲ್ಸಿ ಬ್ಯಾಚು, ಒಂದೇ ಬೆಂಚು. ಒಬ್ಬಳು ಪಾಸು, ಒಬ್ಬಳು ಎರಡನೇ ಸಲಕ್ಕೆ ಪಾಸು, ಇನ್ನೊಬ್ಬಳಿಗೆ ರಿಸಲ್ಟ್ ಬರುವಷ್ಟರಲ್ಲಿ ಮದುವೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣ ಸಿಕ್ಕಿತಲ್ಲ, ಆಗ ಸಾವಿತ್ರಿಯ ಗಂಡ ಪೇಪರು ಮಡಚುತ್ತಾ ಅಂದದ್ದು: "ಮೂರು ದಿನ ತಿರುಗಿ ಸುಮ್ಮನಾಗ್ತೀರಿ." ಅಲ್ಲಿಗೆ ಪಂದ್ಯ. ಮೂವರೂ ಸೇರಿ ಸಾವಿರ ಸೊನ್ನೆ ಟಿಕೆಟ್ಟು ಕೂಡಿಸಬೇಕು. ಸಾಕ್ಷಿಗೆ ಒಂದೊಂದು ಟಿಕೆಟ್ಟೂ ಗಿರಿಜಳ ಬಿಸ್ಕೀಟ್ ಡಬ್ಬಿಗೆ. ಗೆದ್ದರೆ ಆ ಮಹಾನುಭಾವರು ಒಂದು ವರ್ಷ ದಿನಾ ಬೆಳಿಗ್ಗೆ ದೋಸೆ ಎರೆಯಬೇಕು.

ನನಗೆ ನಾನೇ ಹಾಕಿಕೊಂಡ ಕಟ್ಟುಪಾಡು ಇಷ್ಟು: ಮಂಡಿನೋವಿನ ಜೋಕು ಇಡೀ ಪುಸ್ತಕಕ್ಕೆ ಒಂದೇ. ಯಾರೂ ಸಾಯಬಾರದು. ವಯಸ್ಸಾದ ಹೆಂಗಸರ ಕತೆ ಅಂದಕೂಡಲೇ ಕೊನೆಗೊಬ್ಬಳನ್ನು ಆಸ್ಪತ್ರೆ ಮಂಚದಲ್ಲಿ ಮಲಗಿಸಿ ಉಳಿದವರನ್ನು ಅಳಿಸುವ ಚಾಳಿ ನಮ್ಮಲ್ಲಿದೆ. ನನ್ನವರು ಅತ್ತರೆ ಸೀಟು ಸಿಗದೆ ಅಳಬೇಕು.

ಕಷ್ಟ ಬಂದಿರುವುದು ಊರಿನಿಂದಲೇ. ನಮ್ಮ ಮಲೆನಾಡಿನಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ನಡೆಯುವುದಿಲ್ಲ. ಕಣ್ಣೆದುರೇ ಒಂದರ ಹಿಂದೊಂದು ಬಸ್ಸು ಹೋಗುತ್ತದೆ, ಕ್ಲೀನರ್ ಹುಡುಗ "ಬನ್ನಿ ಅಮ್ಮಾ, ಖಾಲಿ ಇದೆ" ಅಂತ ಕರೆಯುತ್ತಾನೆ, ಇವರು ಕೆಂಪು ಬಸ್ಸಿಗೆ ಕಾಯುತ್ತಾ ನಿಂತಿರುತ್ತಾರೆ. ಮೊದಲು ಇದು ಕತೆಯ ತೊಡಕು ಅಂದುಕೊಂಡಿದ್ದೆ. ಈಗ ಅನ್ನಿಸುತ್ತಿದೆ, ಮಜವೆಲ್ಲ ಆ ಕಾಯುವುದರಲ್ಲೇ ಇದೆ. ಎರಡನೇ ಅಧ್ಯಾಯದಲ್ಲಿ ಬಸ್ಸೇ ಬರುವುದಿಲ್ಲ. ಇಪ್ಪತ್ತೊಂದು ಪುಟ ಬರೀ ಕಟ್ಟೆ ಮೇಲಿನ ಮಾತು.

ಮೇ 11

ಜೋಗದ ಅಧ್ಯಾಯಕ್ಕೆ ಖುದ್ದಾಗಿ ಹೋಗಿ ಬಂದೆ. ಜೊತೆಗೆ ನನ್ನ ಗೆಳತಿ. ಹೆಸರು ಹಾಕುವುದಿಲ್ಲ, ಹಾಕಿದರೆ ಬಸ್ಸು ಹತ್ತಿ ಬಂದು ಬೈಯುತ್ತಾಳೆ. ಮದುವೆಯಾಗಿ ಹೊಳೆಯಾಚೆ ತುಮರಿ ಕಡೆಗೆ ಹೋದವಳು. ಪ್ರತಿ ಅಧ್ಯಾಯವನ್ನೂ ಮೊದಲು ಓದುವವಳು ಅವಳೇ, ಕೈಯಲ್ಲಿ ಪೆನ್ಸಿಲ್ ಹಿಡಿದು.

ಸಾಗರದಿಂದ ಜೋಗಕ್ಕೆ ಸುಮಾರು ಮೂವತ್ತು ಕಿಲೋಮೀಟರು. ಐವತ್ತು ನಿಮಿಷ ಕಾದೆವು. ಪುಣ್ಯಕ್ಕೆ ಅವಳ ಚೀಲದಲ್ಲಿ ಬಾಳೆಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಕಡುಬಿತ್ತು, ಮೇಲೆ ಸುರಿದುಕೊಳ್ಳಲು ಸಣ್ಣ ಕರಡಿಗೆಯಲ್ಲಿ ತುಪ್ಪ. ನಾನು ಒಂದು ತಿಂದೆ. ಅವಳು ಬಸ್‌ಸ್ಟ್ಯಾಂಡಿನಲ್ಲೇ ಮೂರು ಮುಗಿಸಿ, ಎಲೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ತುರುಕಿದಳು, ಯಾರೂ ಲೆಕ್ಕ ಹಾಕದ ಹಾಗೆ.

253 ಮೀಟರಿನಿಂದ ಧುಮುಕುವ ಶರಾವತಿ ಮೇ ತಿಂಗಳಲ್ಲಿ ಹೇಗಿರುತ್ತಾಳೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಮೇಲೆ ಲಿಂಗನಮಕ್ಕಿಯಲ್ಲಿ ನೀರು ಹಿಡಿದಿಟ್ಟಿರುತ್ತಾರೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಬಂಡೆ ಮೇಲೆ ಒಣಗಿಹಾಕಿದ ದಾರದ ಹಾಗೆ ಕಾಣುತ್ತಿದ್ದವು. ಹೈದರಾಬಾದಿನಿಂದ ಬಂದ ಒಂದು ಸಂಸಾರ ಪಾಪ, ಕಟಾಂಜನ ಹಿಡಿದುಕೊಂಡು ಜಲಪಾತ ಎಲ್ಲಿದೆ ಅಂತ ಹುಡುಕುತ್ತಿತ್ತು.

"ಇದಕ್ಕಿಂತ ನಮ್ಮನೆ ನಲ್ಲಿ ಜೋರು ಕಣೆ" ಅಂದಳು ನನ್ನ ಗೆಳತಿ. ಅದು ಹಾಗೇ ಗಿರಿಜಳ ಬಾಯಿಗೆ ಹೋಯಿತು. ಕಡುಬೂ ಹೋಯಿತು.

ವಾಪಸು ಬರುವಾಗ ಇನ್ನೊಂದು ಸಿಕ್ಕಿತು. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು ಗೊತ್ತಾಗದೆ ರಾಜಹಂಸ ಹತ್ತಿದ ಕತೆ ಹೇಳಿದರು. ಸಾದಾ ಬಸ್ಸಿಗೆ, ವೇಗದೂತಕ್ಕೆ ಶಕ್ತಿ ಉಂಟು. ರಾಜಹಂಸ, ಐರಾವತಕ್ಕೆ ಇಲ್ಲ. ಕಂಡಕ್ಟರ್ ದುಡ್ಡು ಕೇಳಿದಾಗ ಅಜ್ಜಿ, "ಸೀಟು ಮೆತ್ತಗಿದ್ದಾಗಲೇ ನನಗೆ ಅನುಮಾನ ಬಂತು" ಅಂದರಂತೆ. ನಾನು ಆರು ತಿಂಗಳು ತಲೆ ಕೆರೆದುಕೊಂಡಿದ್ದರೂ ಇಂಥದೊಂದು ಮಾತು ಹೊಳೆಯುತ್ತಿರಲಿಲ್ಲ.

ಜೂನ್ 22

ಏಳನೇ ಅಧ್ಯಾಯ ಮುಗಿಯಿತು. ಇಲ್ಲಿಯವರೆಗೆ ಬರೆದದ್ದರಲ್ಲಿ ಇದೇ ಜೀವ.

ಮೂವರೂ ಸಿಗಂದೂರಿಗೆ ಹೊರಟಿದ್ದಾರೆ. ಅಂಬಾರಗೋಡ್ಲು ದಡದಲ್ಲಿ ಲಾಂಚು. ಟಿಕೆಟ್ಟಿಗೆ ದುಡ್ಡು ಕೇಳುತ್ತಾರೆ. ಸಾವಿತ್ರಿ ಸೊಂಟಕ್ಕೆ ಸೆರಗು ಸಿಕ್ಕಿಸುತ್ತಾಳೆ.

"ಬಸ್ಸು ಯಾರದ್ದಪ್ಪಾ?"
"ಸರ್ಕಾರದ್ದು."
"ಲಾಂಚು?"
"ಅದೂ ಸರ್ಕಾರದ್ದೇ."
"ಮತ್ತೆ ಇದಕ್ಕೆ ಎಂತಕ್ಕೆ ದುಡ್ಡು?"
"ಅಮ್ಮಾ, ಇದಕ್ಕೆ ಚಕ್ರ ಇಲ್ಲ."

ಈ ಉತ್ತರಕ್ಕೆ ಮೂವರ ಹತ್ತಿರವೂ ಮರುಮಾತಿಲ್ಲ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದ ಮೇರಿ ಚಿಲ್ಲರೆ ಎಣಿಸಿ ಕೊಟ್ಟು, "ಪಂದ್ಯ ರಸ್ತೆಗೆ ಮಾತ್ರ, ನೀರಿಗಲ್ಲ" ಅಂತ ತೀರ್ಪು ಕೊಡುತ್ತಾಳೆ. ಆಚೆ ದಡಕ್ಕೆ ಹೋಗಿ, ಚೌಡೇಶ್ವರಿಗೆ ಕೈಮುಗಿದು, ಮಾತಾಡುತ್ತಾ ಬರುವಷ್ಟರಲ್ಲಿ ಕೊನೆಯ ಲಾಂಚು ಹೋಗಿಬಿಟ್ಟಿರುತ್ತದೆ. ರಾತ್ರಿಯಿಡೀ ಕಳಸವಳ್ಳಿ ದಡದಲ್ಲಿ, ಒಂದು ಶಾಲು, ಅರ್ಧ ಪೊಟ್ಟಣ ಚಕ್ಕುಲಿ. ನಲವತ್ತೇಳು ವರ್ಷದಲ್ಲಿ ಒಬ್ಬರಿಗೊಬ್ಬರು ಹೇಳದೇ ಉಳಿಸಿಕೊಂಡ ಮೂರು ಗುಟ್ಟು ಆ ರಾತ್ರಿ ಹೊರಗೆ ಬರಬೇಕು. ಎರಡು ಬಂದಿವೆ.

ಜುಲೈ 15

ನಿನ್ನೆ ಸೇತುವೆ ಉದ್ಘಾಟನೆಯಾಯಿತು.

ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರು. ವರ್ಷಗಟ್ಟಲೆ ಕಂಬ ಏಳುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಬರೆಯುವಾಗ ಅದು ನನ್ನ ತಲೆಯೊಳಗೆ ಇರಲೇ ಇಲ್ಲ. ಇನ್ನು ಯಾರೂ ಆಚೆ ದಡದಲ್ಲಿ ಸಿಕ್ಕಿಬೀಳುವುದಿಲ್ಲ. ನನ್ನ ಏಳನೇ ಅಧ್ಯಾಯವನ್ನು ಬಿಟ್ಟು.

ಗೆಳತಿಗೆ ಫೋನು ಮಾಡಿ ಗೋಳು ಹೇಳಿಕೊಂಡೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಕಾದಂಬರಿ ಮುಗಿಯೋವರೆಗೆ ನಾವು ಇನ್ನೂ ಲಾಂಚು ಕಾಯ್ತಾ ಇರಬೇಕಿತ್ತನೇ ಮಾರಾಯ್ತಿ?" ಅಂದಳು.

ನಾಚಿಕೆಯಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಆ ಕಡೆಯ ಊರುಗಳು ದ್ವೀಪದ ಹಾಗಾದವು. ಅವಳ ಅತ್ತೆಯ ಹಳೇ ಮನೆ ಈಗಲೂ ನೀರಿನಡಿ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು. ರಾತ್ರಿ ಬಸುರಿಗೆ ನೋವು ಬಂದರೆ ದೂರದ ಸುತ್ತುದಾರಿ. ನಾನು ಅಲ್ಲಿಗೆ ಹೋದಾಗಲೆಲ್ಲ ಲಾಂಚಿನಲ್ಲಿ ನಿಂತು ಗಾಳಿ ಕುಡಿದು ಫೋಟೊ ತೆಗೆದು ಬಂದವಳು. ದಿನಾ ಅದರಲ್ಲಿ ಓಡಾಡಿದವಳು ಅವಳು.

ಅಧ್ಯಾಯವನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದ್ದೇನೆ. ಒಂದು ತಿಂಗಳು ಮುಟ್ಟುವುದಿಲ್ಲ.

(ಅಂದಹಾಗೆ ಸೊನ್ನೆ ಟಿಕೆಟ್ಟು ಒಟ್ಟು 500 ಕೋಟಿ ದಾಟಿದ್ದೂ ಇದೇ ಜುಲೈನಲ್ಲಿ. ನನ್ನ ಮುದುಕಿಯರು ಇನ್ನೂ 388ರಲ್ಲೇ ಇದ್ದಾರೆ.)

ಸೆಪ್ಟೆಂಬರ್ 14

ಮಳೆಯಲ್ಲಿ ಬರವಣಿಗೆ ನಡೆಯಲಿಲ್ಲ. ಕರೆಂಟು ಇರಲಿಲ್ಲ ಅನ್ನುವುದು ನೆಪ.

ಆದರೆ ಒಂದು ಶೋಧ. ಆಧಾರಕ್ಕಿರಲಿ ಅಂತ ನಾನೂ ಎರಡು ವರ್ಷದಿಂದ ಸೊನ್ನೆ ಟಿಕೆಟ್ಟುಗಳನ್ನು ಡಬ್ಬಿಯೊಂದರಲ್ಲಿ ಕೂಡಿಹಾಕುತ್ತಿದ್ದೆ. ಊರ ಹೆಸರು ಸರಿಯಾಗಿ ಬರೆಯೋಣ ಅಂತ ತೆಗೆದು ನೋಡಿದರೆ ಮೇಲಿನ ಹತ್ತಿಪ್ಪತ್ತು ಬಿಟ್ಟು ಉಳಿದದ್ದೆಲ್ಲ ಬೆಳ್ಳಗೆ! ಮಷೀನಿನಿಂದ ಬರುವ ಆ ಕಾಗದಕ್ಕೆ ಶಾಯಿ ಇಲ್ಲ, ಬಿಸಿ ತಗುಲಿಸಿ ಅಕ್ಷರ ಮೂಡಿಸುವುದು. ದಿನ ಕಳೆದ ಹಾಗೆ ಮಾಸಿಹೋಗುತ್ತದೆ. ನನ್ನ ಡಬ್ಬಿಯೋ ಒಲೆಯ ಮೇಲಿನ ಶೆಲ್ಫಿನಲ್ಲಿತ್ತು. ದೀಪಕ್ಕೆ ಹಿಡಿದರೆ ಒಂದರಲ್ಲಿ "ತಾಳ" ಅಂತ ಎರಡು ಅಕ್ಷರ ಕಂಡಿತು. ತಾಳಗುಪ್ಪ ಇರಬೇಕು.

ಅರ್ಧ ಗಂಟೆ ಸಂಕಟಪಟ್ಟೆ. ಆಮೇಲೆ ನಗು ಬಂತು. ಕೊನೆಯ ಭಾಗಕ್ಕೆ ಏನು ಮಾಡಲಿ ಅಂತ ಇಷ್ಟು ದಿನ ಒದ್ದಾಡಿದ್ದು ಇದಕ್ಕೇ ತಾನೆ! ಸಾವಿರ ಟಿಕೆಟ್ಟು ಮುಗಿಸಿ ಡಬ್ಬಿ ಬಗ್ಗಿಸಿದರೆ ಸಾವಿರ ಖಾಲಿ ಚೀಟಿ. "ಬಿಳಿ ಕಾಗದ ತೋರಿಸಿ ದೋಸೆ ಕೇಳ್ತೀರಾ?" ಅನ್ನುತ್ತಾರೆ ಗಂಡಮಹಾಶಯರು. ಆಗ ಮೇರಿ ಚೀಲದಿಂದ ಉದ್ದದ ಖಾತೆ ಪುಸ್ತಕ ತೆಗೆಯುತ್ತಾಳೆ: ಟಿಕೆಟ್ ನಂಬರು, ತಾರೀಕು, ಹತ್ತಿದ್ದು, ಇಳಿದದ್ದು, ಷರಾ. ಷರಾ ಕಾಲಮಿನಲ್ಲಿ "ಗಿರಿಜ ನಿದ್ದೆ" ಅಂತ 212 ಸಲ. ಮೂವತ್ತು ವರ್ಷ ಕ್ಯಾಷ್ ಕೌಂಟರಿನಲ್ಲಿ ಕೂತವಳು ಬರೀ ಡಬ್ಬಿಯನ್ನು ನಂಬುತ್ತಾಳೆಯೇ?

ನವೆಂಬರ್ 2

ಡ್ರಾಯರ್ ತೆಗೆದೆ. ತೀರ್ಮಾನ: ಏಳನೇ ಅಧ್ಯಾಯ 2024ರಲ್ಲೇ ನಡೆಯುತ್ತದೆ, ಲಾಂಚಿನ ಸಮೇತ. ಆದರೆ ಹನ್ನೊಂದನೇ ಅಧ್ಯಾಯದಲ್ಲಿ, ಸೇತುವೆ ಆದ ಮೇಲೆ, ಅದೇ ದಡಕ್ಕೆ ಮತ್ತೆ ಬರುತ್ತಾರೆ. ಸೊನ್ನೆ ಟಿಕೆಟ್ಟಿನ ಬಸ್ಸು ಕಾಣುವುದಿಲ್ಲ. ಗಿರಿಜ "ನಡೀರಿ, ನಡ್ಕಂಡೇ ಹೋಪ" ಅನ್ನುತ್ತಾಳೆ.

ಹೇಗಿರುತ್ತದೋ ನೋಡೋಣ ಅಂತ ನಾವಿಬ್ಬರೂ ನಡೆದೆವು. ಈ ತುದಿಯಿಂದ ಆ ತುದಿಗೆ ಐವತ್ತೆಂಟು ನಿಮಿಷ. ಅದರಲ್ಲಿ ಹತ್ತು ನಿಮಿಷ ನಡುವಿನ ಕೇಬಲ್ಲುಗಳ ಹತ್ತಿರ ನಿಂತದ್ದು. ದೊಡ್ಡ ವಾಹನ ಹೋದಾಗ ಅಂಗಾಲಿನಲ್ಲಿ ಸಣ್ಣಗೆ ಝುಂ ಅನ್ನುತ್ತದೆ. ಅಲ್ಲಿ ಅವಳು ಕಂಬಿಯ ಮೇಲೆ ಕೈಯೂರಿ ನೀರಿನ ಕಡೆ ಬೆರಳು ತೋರಿಸಿ, "ಅಗೋ, ಅತ್ತೆಮನೆ ಕೊಟ್ಟಿಗೆ ಅಲ್ಲೆಲ್ಲೋ ಇರಬೇಕು" ಅಂದಳು. ನೀರು ಬಿಟ್ಟರೆ ಏನೂ ಇರಲಿಲ್ಲ. "ಲಾಂಚಲ್ಲಿ ಹೋಗೋವಾಗ ಇಷ್ಟು ಮೇಲಿಂದ ಕಾಣ್ತಿರಲಿಲ್ಲ ನೋಡು" ಅಂತ ಸೇರಿಸಿದಳು. ಬಾಕಿ ಉಳಿದಿದ್ದ ಮೂರನೇ ಗುಟ್ಟು ಗಿರಿಜಳದ್ದು. ಅವಳು ಅದನ್ನು ರಾತ್ರಿ ದಡದಲ್ಲಿ ಹೇಳುವುದಿಲ್ಲ, ಹಗಲಲ್ಲಿ ಇಲ್ಲಿ ನಿಂತು ಹೇಳುತ್ತಾಳೆ.

ಡಿಸೆಂಬರ್ 7

ಮೊದಲ ಕರಡು ಮುಗಿಯಿತು. ಹದಿಮೂರು ಅಧ್ಯಾಯ, ನಲವತ್ತೊಂದು ಸಾವಿರ ಪದ. ಕೊನೆಯ ದೃಶ್ಯದಲ್ಲಿ ಮೊದಲ ದೋಸೆ ಕಾವಲಿಗೆ ಅಂಟಿದೆ. ಮಂಡಿನೋವಿನ ಜೋಕು ಎರಡಾಗಿಬಿಟ್ಟಿದೆ, ಒಂದನ್ನು ತೆಗೆಯಬೇಕು. ಎರಡನೇ ಅಧ್ಯಾಯದ ಕಟ್ಟೆಮಾತು ಹದಿನೈದು ಪುಟಕ್ಕೆ ಇಳಿಯಲೇಬೇಕು.

ಗೆಳತಿ ಓದಿ ಕಟ್ಟು ವಾಪಸು ಕಳಿಸಿದ್ದಾಳೆ. ಸಿಗಂದೂರಿನ ದಾರಿ ತಿದ್ದಿದ್ದಾಳೆ, ಚಕ್ಕುಲಿಯನ್ನು ಹೊಡೆದುಹಾಕಿ "ಪ್ರಯಾಣಕ್ಕೆ ಶಂಕರಪೋಳೆ ಒಳ್ಳೇದು" ಅಂತ ಬರೆದಿದ್ದಾಳೆ. ಗಿರಿಜ ಯಾರು ಅಂತ ಎಲ್ಲೂ ಕೇಳಿಲ್ಲ. ಜೋಗದ ಅಧ್ಯಾಯದಲ್ಲಿ ಗಿರಿಜ ಬಸ್‌ಸ್ಟ್ಯಾಂಡಿನಲ್ಲಿ ಮೂರು ಕಡುಬು ತಿನ್ನುವ ಸಾಲಿನ ಪಕ್ಕ ಮಾತ್ರ ಪೆನ್ಸಿಲ್ ಒತ್ತಿ ಒಂದೇ ಪದ: "ಎರಡು."

ಮೂರು ಅಂತಲೇ ಬಿಟ್ಟಿದ್ದೇನೆ. ಎಣಿಸಿದ್ದು ನಾನು.