ಬರ್ಚ್ ಮರದ ತೂತುಗಳು

ಶನಿವಾರ, 4 ಮೇ 2024, ವರ್ಮಾಂಟ್, ಅಮೆರಿಕ

ಪಕ್ಕದ ಮನೆಯವರ ಬರ್ಚ್ ಮರಕ್ಕೆ ಈ ಸಲವೂ ಸ್ಯಾಪ್‌ಸಕರ್ ಅನ್ನುವ, ಮರದ ರಸ ಕುಡಿಯುವ ಹಕ್ಕಿ ಬಂದಿದೆ. ತೊಗಟೆಯ ಮೇಲೆ ಅಡ್ಡಡ್ಡ ಸಾಲಿನಲ್ಲಿ ಸಣ್ಣ ಸಣ್ಣ ತೂತು. ಮರ ಒಣಗಿಹೋದರೆ ಏನು ಗತಿ, ಹಕ್ಕಿಯನ್ನು ಓಡಿಸುವುದು ಹೇಗೆ ಅಂತ ಅವರು ಕೇಳಿದರು. ಅವರ ಚಿಂತೆ ಸುಳ್ಳಲ್ಲ. ತೂತುಗಳು ಕಾಂಡವನ್ನು ಪೂರ್ತಿ ಸುತ್ತಿಬಿಟ್ಟರೆ ಬರ್ಚ್ ಸಾಯಲೂಬಹುದು. ಆದರೂ ಹಕ್ಕಿಯ ಪರ ಮಾತಾಡದೆ ಇರಲು ನನಗೆ ಆಗಲಿಲ್ಲ.

ಇದೂ ಮರಕುಟಿಗವೇ. ಆದರೆ ಊರಿನ ತೆಂಗಿನ ಮರದಲ್ಲಿ ಕಾಣುವ ಹೊಂಬೆನ್ನಿನ ಮರಕುಟಿಗದ ಹಾಗೆ ಇರುವೆ, ಹುಳು ಹುಡುಕುವುದೇ ಇದರ ಮುಖ್ಯ ಕಸುಬಲ್ಲ. ಅದರ ನಾಲಿಗೆ ಉದ್ದ. ಇದರದ್ದು ಗಿಡ್ಡ, ತುದಿಯಲ್ಲಿ ಬ್ರಷ್ಷಿನ ಹಾಗೆ ಕೂದಲು. ತೂತಿನಲ್ಲಿ ಒಸರುವ ರಸವನ್ನು ಅದರಿಂದಲೇ ನೆಕ್ಕುತ್ತದೆ. ಹೆಂಡ ಇಳಿಸುವವರು ಬೈನೆ ಮರದ ಗೊನೆಗೆ ದಿನಾ ಕತ್ತಿ ತಾಕಿಸುತ್ತಾರಲ್ವಾ, ಹಾಗೆ ಇದೂ ಹಳೆಯ ತೂತನ್ನು ಮತ್ತೆ ಮತ್ತೆ ಕೆರೆಯುತ್ತದೆ. ಇಲ್ಲದಿದ್ದರೆ ರಸ ನಿಂತುಹೋಗುತ್ತದೆ.

ಮರಕುಟಿಗಗಳ ಕುಟುಂಬದಲ್ಲಿ ಇದಕ್ಕೆ ಹತ್ತಿರದ ನಂಟರು ಮೆಲನರ್ಪಿಸ್ ಅನ್ನುವ ಗುಂಪಿನ ಹಕ್ಕಿಗಳು. ಓಕ್ ಬೀಜಗಳನ್ನು ಮರದ ತೂತುಗಳಲ್ಲಿ ಕೂಡಿಡುವ ಏಕಾರ್ನ್ ವುಡ್‌ಪೆಕರ್ ಆ ಗುಂಪಿನದೇ. ಸ್ಯಾಪ್‌ಸಕರ್‌ಗಳಲ್ಲಿ ಇರುವುದು ನಾಲ್ಕೇ ಜಾತಿ, ಎಲ್ಲವೂ ಉತ್ತರ ಅಮೆರಿಕದವು. ಪಶ್ಚಿಮದ ವಿಲಿಯಮ್ಸನ್ಸ್ ಜಾತಿಯ ಕಥೆ ನನಗೆ ಬಲು ಇಷ್ಟ. ಗಂಡು ಕಪ್ಪು, ಹೆಣ್ಣು ಕಂದು ಪಟ್ಟೆ. ಎರಡೂ ಬೇರೆ ಬೇರೆ ಜಾತಿ ಅಂತಲೇ ನಂಬಿದ್ದರು. 1873ರಲ್ಲಿ ಕೊಲರಾಡೋದಲ್ಲಿ ಪಕ್ಷಿತಜ್ಞ ಹೆನ್ರಿ ಹೆನ್ಶಾ ಅವು ಒಂದೇ ಗೂಡಿನಲ್ಲಿ ಸಂಸಾರ ಮಾಡುವುದನ್ನು ಕಂಡರು.

ನಮ್ಮಲ್ಲಿಗೆ ಬರುವುದು ಹಳದಿ ಹೊಟ್ಟೆಯದು. ಚಳಿಗಾಲಕ್ಕೆ ದಕ್ಷಿಣಕ್ಕೆ ಹೋಗುತ್ತದೆ, ಕೆಲವು ಪನಾಮಾದವರೆಗೂ. ಇವತ್ತು ಬಂದದ್ದು ಗಂಡು, ಕತ್ತು ಕೆಂಪಗಿತ್ತು. ಬಾಲವನ್ನು ಕಾಂಡಕ್ಕೆ ಒತ್ತಿ ಕೂತು ಒಂದೊಂದೇ ತೂತಿಗೆ ಕೊಕ್ಕು ಹಾಕಿತು. ಮೇಲಿನ ಸಾಲು ಮುಗಿಸಿ ಕೆಳಗಿನ ಸಾಲಿಗೆ ಇಳಿಯಿತು. ಅದು ಹಾರಿದ ಮೇಲೆ ಅದೇ ತೂತುಗಳಿಗೆ ಹೂವಿನ ಮಕರಂದ ಹೀರುವ ಹಮ್ಮಿಂಗ್‌ಬರ್ಡ್ ಬಂತು. ಇನ್ನೂ ಹೂಗಳೇ ಸರಿಯಾಗಿ ಅರಳಿಲ್ಲ, ಅಷ್ಟು ಪುಟ್ಟ ಹಕ್ಕಿ ಬೇರೆಲ್ಲಿಗೆ ಹೋಗಬೇಕು? ರಸಕ್ಕೆ ಅಂಟಿದ ಹುಳುಗಳೂ ಅದಕ್ಕೆ ಊಟವೇ. ಒಂದು ಮರಕುಟಿಗದ ದುಡಿಮೆ ಎಷ್ಟೊಂದು ಜೀವಗಳಿಗೆ ಆಗುತ್ತದೆ ಅಂತ ಪಕ್ಕದ ಮನೆಯವರನ್ನೂ ಕರೆದು ತೋರಿಸಿದೆ.

ಈ ಹಕ್ಕಿಗೆ ಕಾನೂನಿನ ರಕ್ಷಣೆಯೂ ಇದೆ, ಸುಮ್ನೆ ಕೊಲ್ಲುವಂತಿಲ್ಲ. ಮೆಚ್ಚಿದ ಮರವನ್ನು ಅದಕ್ಕೇ ಬಿಟ್ಟು ಉಳಿದ ಮರಗಳಿಗೆ ಗೋಣಿತಾಟು ಸುತ್ತುವುದು ಒಳ್ಳೆಯ ದಾರಿ. ಅವರಿಗೆ ಸೇಬಿನ ಗಿಡದ ಮೇಲೆ ಜೀವ. ನಾಳೆ ಅದಕ್ಕೆ ಸುತ್ತೋಣ ಅಂದಿದ್ದಾರೆ. ಗೋಣಿ ನಾನೇ ತರುತ್ತೇನೆ.